ನಾಲ್ಕು ಗಂಟೆಯ ನೀರು

ನಾಗಿ ಬೇಯಿಸಿದ ಬಳಚಿನ ಚಿಪ್ಪು ಬಿಡಿಸಿ ಒಳಗಿನ ಮಾಂಸವನ್ನು ಬೋಗುಣಿಗೆ ಹಾಕುತ್ತ ಕೂತಿದ್ದಳು. ಎದುರಿಗೆ ಜಗಲಿಯ ಅಂಚಿನಲ್ಲಿ ಇಬ್ಬರು. ಒಬ್ಬ ಹೊಳೆಸಾಲು ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ, ಟೈಲರ್ ಶ್ರೀಕೃಷ್ಣ. ಇನ್ನೊಬ್ಬ ಆ ಕ್ಲಬ್ಬಿನ ಒಂದು ಆಟವನ್ನೂ ತಪ್ಪಿಸದ ರಿಕ್ಷಾದ ಉಮೇಶ. ಕ್ಲಬ್ಬಿಗೆ ಎಂಟು ತಿಂಗಳಿಂದ ಮ್ಯಾನೇಜರ್ ಇಲ್ಲ, ಭಾನುವಾರ ಹೊನ್ನಾವರದ ತಂಡ ಆಡಲು ಬರುವುದಿದೆ. ನಾಗಿಯ ಮೊಮ್ಮಗ ಗೋಲ್‌ಕೀಪರ್ ಆದ್ದರಿಂದ ಕ್ಲಬ್ಬಿನ ಮಾತುಕತೆಯೆಲ್ಲ ಅವಳ ಜಗಲಿಯಲ್ಲೇ. ಕೂತವರು ಕೈ ಕಟ್ಟಿ ಕೂರದೆ ಚಿಪ್ಪು ಬಿಡಿಸಬೇಕು ಎಂಬುದು ಅವಳ ಕಾನೂನು.

“ಕುಮಟೆಯ ಜಗದೀಶ ಮಾಸ್ತರು ಆಗಬಹುದು. ಸರ್ಟಿಫಿಕೇಟ್ ಅದೆ,” ಎಂದ ಶ್ರೀಕೃಷ್ಣ.

“ಹೋದ ತಿಂಗಳು ಬಂದಿದ್ರಲ್ಲ!” ಉಮೇಶ ನಕ್ಕ. “ರಾಡಿ ನೋಡಿ ಬೂಟು ಬಿಚ್ಚಲೇ ಇಲ್ಲ. ದಡದ ಮೇಲೆ ನಿಂತು ಮುಂದೆ ಹೋಗಿ, ಹಿಂದೆ ಬನ್ನಿ ಅಂತ ಕೈ ಬೀಸಿದ್ರು. ನಮ್ಮ ಹುಡುಗ್ರು ಟಾಟಾ ಅಂದ್ಕಂಡು ತಿರುಗಿ ಕೈ ಬೀಸಿದ್ರು.”

“ಭಟ್ಕಳದವರೊಬ್ರು ಇದ್ದಾರೆ. ದುಬೈಯಲ್ಲಿ ಕಂಪನಿ ಟೀಮು ನೋಡ್ಕಂಡವರು.”

“ಜನ ಒಳ್ಳೆಯವರೇ. ಆದ್ರೆ ಆಟದ ದಿನ ಹುಡುಗ್ರು ಅನ್ನ ಬಿಡಬೇಕಂತೆ.”

ನಾಗಿ ತಲೆ ಎತ್ತಿದಳು. “ಅನ್ನ ಬಿಟ್ಟು ಎಂತ ತಿನ್ನೂದು?”

“ಸೊಪ್ಪು. ಮತ್ತೆ ಮೊಟ್ಟೆಯ ಬಿಳಿ ಭಾಗ.”

“ಹಾಂಗಾರೆ ಅವರು ಭಟ್ಕಳದಲ್ಲೇ ಚೆಂದ.”

ಉಮೇಶ ಇದಕ್ಕಾಗಿಯೇ ಕಾದಂತಿತ್ತು. ವಿದೇಶದ ಕ್ಲಬ್ಬುಗಳ ಮ್ಯಾನೇಜರುಗಳ ಹೆಸರೆಲ್ಲ ಅವನಿಗೆ ಬಾಯಿಪಾಠ. ಹನ್ನೊಂದು ಖಾಲಿ ಚಿಪ್ಪು ಎತ್ತಿ ಜಗಲಿಯ ಮೇಲೆ ಸಾಲಾಗಿ ಇಟ್ಟ. “ಹಿಂದೆ ನಾಲ್ಕು, ನಡುವೆ ಮೂರು, ಮುಂದೆ ಮೂರು. ಇಲ್ಲಿ ನಿನ್ನ ಮೊಮ್ಮಗ. ನನ್ನ ಕೈಗೆ ಕೊಡಿ, ಹೊನ್ನಾವರದವರನ್ನ ಅಳಿಸಿ ಕಳಿಸ್ತೆ.”

“ಆಟ ಎಷ್ಟೊತ್ತಿಗೆ ಇಟ್ಟದ್ದು?” ನಾಗಿ ಕೇಳಿದಳು.

“ನಾಲ್ಕಕ್ಕೆ. ವಾಟ್ಸಾಪಲ್ಲಿ ಹಾಕೂ ಆತು, ಅವರು ಟೆಂಪೋ ಹೇಳೂ ಆತು,” ಎಂದ ಶ್ರೀಕೃಷ್ಣ.

“ಭಾನುವಾರ ಷಷ್ಠಿ,” ಎಂದಳು ನಾಗಿ. ಬಳಚು ಬೇಯಿಸಿದ ಚರಿಗೆಯಲ್ಲಿ ಉಳಿದಿದ್ದ ನೀರನ್ನು ಎತ್ತಿ ನಿಧಾನಕ್ಕೆ ಜಗಲಿಯ ಮೇಲೆ ಹೊಯ್ದಳು. ನಾಲ್ಕು, ಮೂರು, ಮೂರು, ಗೋಲ್‌ಕೀಪರನ ಸಮೇತ ಅಂಗಳಕ್ಕೆ ಜಾರಿಹೋದವು. “ನಾಲ್ಕಕ್ಕೆ ಹೊಳೆ ತುಂಬಿ ನಿಂತಿರ್ತದೆ. ಈಜಿ ಆಡ್ತಾರ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಹೊಳೆಸಾಲು ಕ್ಲಬ್ಬಿನ ಮೈದಾನವೆಂದರೆ ಕಡಲಿನ ಇಳಿತದ ಜೊತೆ ಅಘನಾಶಿನಿಯ ನೀರು ಇಳಿದಾಗ ಮಾತ್ರ ಏಳುವ ಮರಳು. ತಿಥಿಗೆ ತಕ್ಕಂತೆ ಉಬ್ಬರ ಇಳಿತದ ಹೊತ್ತು ಬದಲಾಗುವುದರಿಂದ, ತಿಥಿ ನೋಡಿ ಆಟದ ಗಂಟೆ ಇಡುವುದು ಮ್ಯಾನೇಜರನ ಮೊದಲ ಕೆಲಸವಾಗಿತ್ತು. ಎಂಟು ತಿಂಗಳಲ್ಲಿ ಅದೇ ಮರೆತುಹೋಗಿತ್ತು.

“ಬೆಳಿಗ್ಗೆ ಒಂಬತ್ತಕ್ಕೆ ನೀರು ಇಳಿದಿರ್ತದೆ. ಈಗಲೇ ಫೋನು ಮಾಡಿ ಹೇಳಿ,” ಎಂದಳು ನಾಗಿ.

“ಆತು. ಮತ್ತೆ ಎಂತಕ್ಕೆ ಹುಡುಕೂದು? ನೀನೇ ಮ್ಯಾನೇಜರ್ ಆಗು ನಾಗಕ್ಕ,” ಎಂದ ಉಮೇಶ.

“ನಂಗೆ ನೀರು ಗೊತ್ತು ಮಾರಾಯ, ಹುಡುಗ್ರ ಕಾಲು ಗೊತ್ತಿಲ್ಲ. ಯಾರಿಗೆ ಮಂಡಿ ನೋವು, ಬೈದ್ರೆ ಯಾವಂವ ಓಡ್ತಾನೆ, ಯಾವಂವ ಅಳ್ತಾನೆ. ಎರಡೂ ಗೊತ್ತಿದ್ದಂವ ಹೊಳೆಯಾಚೆ ತದಡಿಯಲ್ಲಿ ಮಗಳ ಮನೆಯಲ್ಲಿ ಕೂತಿದ್ದಾನೆ.”

ಬೆಳಗಿನಿಂದ ಮೂವರೂ ಸುತ್ತಿ ಬಳಸಿ ದಾಟಿದ್ದ ಹೆಸರು ಅದೊಂದೇ: ಸುಕ್ರ. ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವನು, ಹದಿನಾರು ವರ್ಷ ಕ್ಲಬ್ಬಿನ ಮ್ಯಾನೇಜರ್. ಮಳೆಗಾಲಕ್ಕೆ ಮುಂಚಿನ ಕೊನೆಯ ಆಟದಲ್ಲಿ, ಇನ್ನು ಹತ್ತೇ ನಿಮಿಷ ಇರುವಾಗ, ನೀರು ಬಂತು ಎಂದು ಪೀಪಿ ಊದಿ ಆಟ ನಿಲ್ಲಿಸಿದ್ದ. ಗೆಲ್ಲುವ ಆಟ ಹೋಯಿತೆಂಬ ಸಿಟ್ಟಿಗೆ ಶ್ರೀಕೃಷ್ಣ ಊರೆಲ್ಲ ಕೇಳುವಂತೆ, “ದೋಣಿ ಹುಟ್ಟು ಹಾಕೂವವಂಗೆ ಚೆಂಡಾಟ ಎಂತ ಗೊತ್ತು?” ಎಂದಿದ್ದ. ಸುಕ್ರ ಪೀಪಿಯನ್ನು ಗೋಲಿನ ಬಿದಿರಿಗೆ ಸಿಕ್ಕಿಸಿ ಹೊಳೆ ದಾಟಿದ್ದ. ಕಾಲು ಗಂಟೆಯಲ್ಲಿ ಆ ಬಿದಿರುಗಳೇ ತೇಲಿದ್ದವು. ಈಜಿ ಹೋಗಿ ಪೀಪಿ ತಂದವನು ಶ್ರೀಕೃಷ್ಣನೇ.

“ಫೋನು ಎತ್ತೂದಿಲ್ಲ ಅಂವ,” ಎಂದ ಶ್ರೀಕೃಷ್ಣ. ಇನ್ನೊಂದು ಚಿಪ್ಪು ಬಿಡಿಸಿ, “ಕಾಗದ ಬರೆದಿದ್ದೆ.”

“ಯಾವಾಗ?”

“ಜೂನಲ್ಲಿ.”

“ಎಲ್ಲದೆ?”

ಶ್ರೀಕೃಷ್ಣ ಕಿಸೆಗೆ ಕೈ ಹಾಕಿದ. ಮಡಿಕೆಯಲ್ಲಿ ಹರಿಯುವಷ್ಟು ಸವೆದ ಕಾಗದ. ಅದರ ಜೊತೆಗೇ ಪೀಪಿಯೂ ಹೊರಬಂತು. ಉಮೇಶ ನಗಲು ಹೋಗಿ ನಿಲ್ಲಿಸಿದ.

“ಓದು ತಮಾ,” ಎಂದಳು ನಾಗಿ.

“ಕ್ಲಬ್ಬಿನ ಹಿತದೃಷ್ಟಿಯಿಂದ ತಾವು ಪುನಃ ಬರಬೇಕೆಂದು ಕಮಿಟಿಯು ಸರ್ವಾನುಮತದಿಂದ ಕೋರುತ್ತದೆ,” ಎಂದು ಶ್ರೀಕೃಷ್ಣ ಓದಿದ.

“ಅವತ್ತು ಬೈದದ್ದೂ ಕಮಿಟಿಯೋ?”

ಶ್ರೀಕೃಷ್ಣ ಕಿವಿಯ ಮೇಲಿನ ಟೈಲರಿನ ಪೆನ್ಸಿಲ್ ತೆಗೆದು, ಕಾಗದವನ್ನು ತೊಡೆಯ ಮೇಲಿಟ್ಟು, ಸಹಿಯ ಕೆಳಗೆ ತನ್ನದೇ ಆದ ಒಂದು ಸಾಲು ಬರೆದ. ನಾಗಿ ನೋಡಲಿಲ್ಲ. ಬೋಗುಣಿಯಿಂದ ಎರಡು ಹಿಡಿ ಬಳಚಿನ ಮಾಂಸ ತೆಗೆದು ಡಬ್ಬಿಗೆ ತುಂಬಿ, “ಸುಕ್ರಂಗೆ ಇದೂ ಇರ್ಲಿ,” ಎಂದಳು.

ಕಾಗದ, ಪೀಪಿ, ಡಬ್ಬಿ ಹಿಡಿದು ಉಮೇಶ ಓಡಿದ. ತದಡಿಯ ದೋಣಿ ದಡ ಬಿಡುತ್ತಿತ್ತು, ಹಾರಿ ಹತ್ತಿದ. ಹಿಂದೆಯೇ ಬಂದ ಶ್ರೀಕೃಷ್ಣ ಏದುಸಿರು ಬಿಡುತ್ತ ನೀರಿಗೇ ಇಳಿದ. ಪ್ಯಾಂಟು ಮೊಣಕಾಲಿನವರೆಗೆ ನೆನೆದರೂ ಅವನಿಗೆ ಗೊತ್ತಾಗಲಿಲ್ಲ. ದೋಣಿ ಆಗಲೇ ದೂರ ಹೋಗಿತ್ತು.

“ಉಮೇಶಾ!” ಎರಡೂ ಕೈ ಬಾಯಿಗಿಟ್ಟು, ಊರೆಲ್ಲ ಕೇಳುವಂತೆ ಕೂಗಿದ. “ಕೊನೇ ಸಾಲು ಮೊದಲು ಓದು ಅಂತ ಸುಕ್ರಂಗೆ ಹೇಳು!”