ಕೆಂಪು ಪೈಪಿನ ತಂತಿ

"ಕಳ್ಳನ್ನ ಹುಡುಕೋಕೆ ಸೀಲಿಂಗ್ ಯಾಕೆ ಬಿಚ್ಚಬೇಕು ಮೇಡಂ? ಮೆಟ್ಟಿಲ ಕೆಳಗೇ ಕೂತಿದಾನಲ್ಲ," ಎಂದರು ಆಸ್ಪತ್ರೆಯ ಆಡಳಿತಾಧಿಕಾರಿ.

ಮೆಟ್ಟಿಲ ಕೆಳಗಿನ ಗೂಡು ಎಲೆಕ್ಟ್ರಿಷಿಯನ್ನನದು. ಎಲ್ಲರ ಬಾಯಲ್ಲೂ ಅವನು ವೈರಣ್ಣ. ಗೂಡಿನಲ್ಲೊಂದು ಹಳೆಯ ಕೆಟಲ್. ರೋಗಿಗಳ ಕಡೆಯವರು ಬಿಸಿನೀರು ಕೇಳಿದರೆ ಇಲ್ಲವೆಂದವನಲ್ಲ.

ಹಿಂದಿನ ವಾರ ಆಪರೇಷನ್ ನಡುವೆ ಕರೆಂಟ್ ಹೋಗಿತ್ತು. ಜನರೇಟರ್ ಓಡಿದರೂ ಥಿಯೇಟರಿನ ತುರ್ತು ದೀಪ ಹತ್ತಲಿಲ್ಲ. ಸಿಸ್ಟರ್ ಹಿಡಿದ ಮೊಬೈಲ್ ಬೆಳಕಿನಲ್ಲಿ ಡಾಕ್ಟರು ಹೊಲಿಗೆ ಮುಗಿಸಿದ್ದರು. ತಪ್ಪು ವೈರಣ್ಣನ ತಲೆಗೆ ಬಂತು. ಇಂದಿನ ತಪಾಸಣೆಯಲ್ಲಿ ಅದು ರುಜುವಾದರೆ ಇಪ್ಪತ್ತೆರಡು ವರ್ಷದ ಕೆಲಸ ಹೋದಂತೆ. ವಜಾ ಪತ್ರ ಟೈಪಾಗಿ ಆಡಳಿತಾಧಿಕಾರಿಯ ಮೇಜಿನ ಮೇಲಿತ್ತು. ತಾರೀಖು ಹಾಕುವುದಷ್ಟೇ ಬಾಕಿ.

ತಪಾಸಣೆಗೆ ಬಂದಿದ್ದ ಹೆಂಗಸು ಏಣಿ ಹತ್ತಿ ಸೀಲಿಂಗ್ ಬಿಚ್ಚಿದರು. ಏಣಿ ಅಲುಗದಂತೆ ವೈರಣ್ಣನೇ ಹಿಡಿದುಕೊಂಡ. ಜನರೇಟರಿನಿಂದ ಬರುವ ತುರ್ತು ದೀಪದ ತಂತಿ ಪ್ರತ್ಯೇಕ ಕೆಂಪು ಪೈಪಿನಲ್ಲೇ ಹೋಗಬೇಕು, ಬೇರೇನನ್ನೂ ಅದಕ್ಕೆ ತಗುಲಿಸಬಾರದು ಎಂಬುದು ನಿಯಮ. ಇಲ್ಲಿ ಥಿಯೇಟರಿನ ಬಾಗಿಲ ತನಕ ಬಂದ ತಂತಿಯನ್ನು ಯಾರೋ ಕತ್ತರಿಸಿ ಬೇರೆ ಕಡೆಗೆ ತಿರುಗಿಸಿದ್ದರು.

"ಕೆಟಲಿಗೇ," ಎಂದು ಆಡಳಿತಾಧಿಕಾರಿ ನಕ್ಕರು. "ಪುಣ್ಯಾತ್ಮ, ನಮ್ಮ ಕರೆಂಟಲ್ಲಿ ದಾನ ಮಾಡ್ತಾನೆ."

ಸೆಖೆಗೆ ಎಲ್ಲರೂ ಬೆವರುತ್ತಿದ್ದರು. ಆಡಳಿತಾಧಿಕಾರಿಯ ಕೋಟಿನ ಗುಂಡಿಗಳು ಮಾತ್ರ ಕುತ್ತಿಗೆಯವರೆಗೂ ಹಾಕಿದ್ದವು.

ವೈರಣ್ಣ ತಗ್ಗಿದ ದನಿಯಲ್ಲೇ ಹೇಳಿದ. ಎರಡು ವರ್ಷದ ಹಿಂದೆ ಹೊರಗಿನ ಕಂಟ್ರಾಕ್ಟರು ಬಂದು ಏನೋ ಕೆಲಸ ಮಾಡಿಹೋದ ಮೇಲೆ ಅನುಮಾನ ಬಂದಿತ್ತು. ಸೀಲಿಂಗ್ ಬಿಚ್ಚಲು ಅಪ್ಪಣೆ ಬೇಡಿ ಮೂರು ಸಲ ಬರೆದುಕೊಟ್ಟಿದ್ದ.

"ಅವನ ಕಾಗದ ಓದೋಕೆ ನಾನು ಕೂತಿಲ್ಲ. ಕರೆಂಟ್ ಪದೇ ಪದೇ ಹೋಗುತ್ತೆ ಅನ್ನೋದೇ ಸುಳ್ಳು ಮೇಡಂ. ಹೋದ ವಾರ ಹೋಗಿದ್ದೂ ಬೇರೆಯವರು ಹೇಳಿದ ಮೇಲೇ ನಂಗೆ ಗೊತ್ತಾಗಿದ್ದು. ಎರಡು ವರ್ಷದಲ್ಲಿ ಒಂದು ಸಲನೂ ಹೋಗಿದ್ದು ನಾನು ಕಂಡಿಲ್ಲ."

ಆಕೆ ಅವರನ್ನು ಒಂದು ಕ್ಷಣ ನೋಡಿದರು. "ವೈರಣ್ಣ, ಮೇನ್ ಆಫ್ ಮಾಡಿ. ಜನರೇಟರ್ ಓಡಿಸಿ, ಅದಕ್ಕೆ ಕೆಂಪು ಪೈಪಿನ ತಂತಿ ಒಂದೇ ಇರಲಿ."

ಫ್ಯಾನುಗಳು ನಿಂತವು. ಕಿಟಕಿಯಿಲ್ಲದ ಕಾರಿಡಾರ್ ಕತ್ತಲಾಯಿತು. ಎಲ್ಲರೂ ಮೆಟ್ಟಿಲ ಕೆಳಗೆ ಇಣುಕಿದರು. ಕೆಟಲಿನ ದೀಪ ಆರಿತ್ತು, ನೀರು ತಣ್ಣಗಾಗುತ್ತಿತ್ತು.

ಆಮೇಲೆ ಕಾರಿಡಾರಿನ ಕೊನೆಯಲ್ಲಿ ಒಂದು ಬಾಗಿಲ ಸಂದಿಯಿಂದ ಬೆಳಕು ಕಂಡಿತು. ಆಕೆ ಹೋಗಿ ಬಾಗಿಲು ತಳ್ಳಿದರು.

ಒಳಗೆ ಏಸಿ ಹಾಯಾಗಿ ಓಡುತ್ತಿತ್ತು. ಆಡಳಿತಾಧಿಕಾರಿಯ ಮೇಜಿನ ಮೇಲೆ, ತಾರೀಖಿಲ್ಲದ ವಜಾ ಪತ್ರ ಅದರ ತಂಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.