ಕಾಲು ತಾಕಿದ್ದಕ್ಕೆ

ಯಲಹಂಕದ ಪಕ್ಕದ ಸಿಂಗಾಪುರದ ಹೆಂಗಸರ ಕರಾಟೆ ತರಗತಿಯಲ್ಲಿ ಆ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತೀರ್ಮಾನವಾಗಬೇಕಿದ್ದ ವಿಚಾರ ಸಣ್ಣದಲ್ಲ: ಐವತ್ತೆರಡು ವರ್ಷದ ಗಂಗರತ್ನಮ್ಮನವರ ಸೊಂಟದ ಬಿಳಿ ಬೆಲ್ಟು ಹಳದಿಯಾಗಬೇಕೋ ಬೇಡವೋ. ಊರಿನ ಹೊಲಗಳೆಲ್ಲ ಒಂದೊಂದಾಗಿ ಲೇಔಟ್ ಆದಾಗಲೂ ಅವರು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಪರೀಕ್ಷೆಯ ಕೊನೆಯ ಭಾಗ ಜೋಡಿ ಕಾದಾಟ. ಒಬ್ಬರು ಮೂರು ಸಲ ಒದೆಯಬೇಕು. ಎದುರಿನವರು ಹೊಟ್ಟೆಗೆ ಕಟ್ಟಿಕೊಂಡ ಪ್ಯಾಡಿನ ಮೇಲೆ ಅದನ್ನು ತಾಳಿಕೊಳ್ಳಬೇಕು. ಒದ್ದವರ ಮುಷ್ಟಿಗಳು ಮುಖದ ಮುಂದಿನಿಂದ ಕದಲುವಂತಿಲ್ಲ. ಎತ್ತರ, ತೂಕ ಎರಡನ್ನೂ ನೋಡಿ ವಾಜಿದ್ ಮಾಸ್ಟರ್ ಗಂಗರತ್ನಮ್ಮನ ಎದುರಿಗೆ ತಂದು ನಿಲ್ಲಿಸಿದ್ದು ಮುನಿಕೃಷ್ಣಮ್ಮನನ್ನು. ಎತ್ತರ, ತೂಕ ಸರಿಯಾಗಿಯೇ ಹೊಂದುತ್ತಿತ್ತು. ಹೊಂದದೇ ಇದ್ದದ್ದು ಉಳಿದದ್ದೆಲ್ಲ.

ಮುನಿಕೃಷ್ಣಮ್ಮ ಎಂದರೆ ಗಂಗರತ್ನಮ್ಮನ ವಾರಗಿತ್ತಿ, ಗಂಡ ಲಕ್ಕಣ್ಣನ ಸ್ವಂತ ಅಣ್ಣನ ಹೆಂಡತಿ. ಗೋಡೆಗೆ ಗೋಡೆ ಅಂಟಿದ ಮನೆ, ಮಾತು ಬಿಟ್ಟು ನಾಲ್ಕು ವರ್ಷ. ಮಗಳ ಮದುವೆಯ ಆಮಂತ್ರಣದಲ್ಲಿ ಮುನಿಕೃಷ್ಣಮ್ಮ ‘ಸುಖಾಗಮನ ಬಯಸುವವರು’ ಪಟ್ಟಿ ಅಚ್ಚು ಹಾಕಿಸುವಾಗ, ಲಕ್ಕಣ್ಣನ ಹೆಸರು ಯಾವನೋ ಟೈಲ್ಸ್ ಅಂಗಡಿಯವನ ಹೆಸರಿನ ಕೆಳಗೆ ಬಿದ್ದಿತ್ತು. ಅಂದಿನಿಂದ ಗಂಗರತ್ನಮ್ಮನಿಗೆ ಒಂದೇ ಆಸೆ, ಅಕ್ಕನನ್ನು ಒಂದು ಸಲ ಝಾಡಿಸಿ ಒದೆಯಬೇಕೆಂದು. ಅದಕ್ಕೆ ಸಮವಸ್ತ್ರ ಹೊಲಿಸಿ, ಪ್ಯಾಡು ಕಟ್ಟಿ, ಎಣಿಸಿ ಒದೆಯಲು ಹೇಳುವ ಕಾಲವೂ ಬರುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಲ ಸರದಿ ಮುನಿಕೃಷ್ಣಮ್ಮನದು. ಮೂರು ಒದೆ, ಮುಷ್ಟಿ ಅಲುಗಲಿಲ್ಲ. ವಾಜಿದ್ ಮಾಸ್ಟರ್ ಹಾಳೆಯಲ್ಲಿ ಟಿಕ್ ಹಾಕಿ, “ಮುನಿಕೃಷ್ಣಮ್ಮ ಪಾಸ್. ಈಗ ನೀವು ಬನ್ನಿ ಅಮ್ಮಾ,” ಅಂದರು.

ಅಂದರೆ ಇಲ್ಲಿಯೂ ಅವಳ ಹೆಸರೇ ಮೇಲೆ! ಗಂಗರತ್ನಮ್ಮ ಹಲ್ಲು ಕಚ್ಚಿ, ನಾಲ್ಕು ವರ್ಷದ್ದನ್ನೆಲ್ಲ ಹಿಮ್ಮಡಿಗೆ ಇಳಿಸಿ, ಬೀಸಿದರು. ‘ಧಪ್’ ಎಂದಿತು. ಒದೆ ಬೊಂಬಾಟಾಗಿ ಬಿದ್ದಿತ್ತು. ಆದರೆ ಕಾಲು ನೆಲ ಮುಟ್ಟುವಷ್ಟರಲ್ಲಿ ಅವರ ಬಲಗೈ ತನ್ನ ಪಾಡಿಗೆ ತಾನು ಮುಂದೆ ಹೋಗಿ, ಅಕ್ಕನ ಹೊಟ್ಟೆಯನ್ನು ಮುಟ್ಟಿ, ಹಿಂದಕ್ಕೆ ಬಂದು ಎರಡೂ ಕಣ್ಣಿಗೆ ಒತ್ತಿಕೊಂಡಿತು.

“ಇರ್ಲಿ ಬಿಡವ್ವ,” ಅಂದಿತು ಮುನಿಕೃಷ್ಣಮ್ಮನ ಬಾಯಿ, ಅದೂ ತನ್ನ ಪಾಡಿಗೆ ತಾನು.

ಇಬ್ಬರೂ ಬೆಚ್ಚಿಬಿದ್ದರು. ನಾಲ್ಕು ವರ್ಷದಲ್ಲಿ ಇದೇ ಮೊದಲ ಮಾತು.

“ಅಮ್ಮಾ, ಏನ್ ಮಾಡ್ತಿದೀರಾ ನೀವು?” ವಾಜಿದ್ ಮಾಸ್ಟರ್ ಹತ್ತಿರ ಬಂದರು. “ಕೈ ಯಾಕ್ ಕೆಳಗ್ ಬಂತು?”

“ಕಾಲು ತಾಕ್ತಲ್ಲ ಮಾಸ್ಟ್ರೇ.”

“ತಾಕ್ಲಿ ಅಂತಾನೇ ಅಲ್ವಾ ಒದ್ದಿದ್ದು?”

“ಅಂಗಂತ ಸುಮ್ಕಿರೋಕಾಯ್ತದಾ? ದೊಡ್ಡೋಳು ಅವ್ಳು.”

“ಹಂಗಾದ್ರೆ ಒಂದ್ ಕೆಲ್ಸ ಮಾಡಿ. ಮೊದ್ಲೇ ಮುಟ್ಟಿ ಕಣ್ಣಿಗ್ ಒತ್ಕೊಂಬಿಡಿ, ಅಡ್ವಾನ್ಸು. ಆಮೇಲ್ ಆರಾಮಾಗಿ ಒದೀರಿ.”

“ಮಾಡ್ದಿರೋ ತಪ್ಪಿಗೆ ಆಯಮ್ಮನ ಮುಂದೆ ನಾನ್ ಬಗ್ಗಾಕಿಲ್ಲ,” ಎಂದರು ಗಂಗರತ್ನಮ್ಮ ಖಡಾಖಂಡಿತವಾಗಿ.

ಎರಡನೆಯ ಒದೆ ಇನ್ನೂ ಜೋರಾಗಿತ್ತು. ಮುನಿಕೃಷ್ಣಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಗಂಗರತ್ನಮ್ಮನ ಕೈ ಆ ಎರಡು ಹೆಜ್ಜೆ ದೂರವನ್ನೂ ಅಟ್ಟಿಸಿಕೊಂಡು ಹೋಗಿ ಮುಟ್ಟಿಯೇ ಬಂತು.

“ಇರ್ಲಿ, ಇರ್ಲಿ,” ಅಂದರು ಮುನಿಕೃಷ್ಣಮ್ಮ. ಸ್ವಲ್ಪ ತಡೆದು, ಮಾಸ್ಟರ ಕಡೆ ಮುಖ ಮಾಡಿ, “ಆಯಮ್ಮಂಗೆ ಮಂಡಿ ನೋವಿತ್ತು. ಈಗ ಎಂಗೈತೆ ಕೇಳಿ ಮಾಸ್ಟ್ರೇ,” ಅಂದರು.

“ವಾಸಿ ಐತೆ ಅಂತ ಏಳಿ,” ಗಂಗರತ್ನಮ್ಮನೂ ಮಾಸ್ಟರಿಗೇ ಹೇಳಿದರು.

“ಎಣ್ಣೆ ಅಚ್ಕೋತಾಳಂತಾ?”

“ಅಚ್ಕೋತೀನಿ ಅಂತ ಏಳಿ.”

ವಾಜಿದ್ ಮಾಸ್ಟರ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕತ್ತು ಹೊರಳಿಸಿ ಸುಸ್ತಾದರು. “ಅರೆ, ಎಣ್ಣೆ ವಿಷ್ಯ ಮನೇಲ್ ಮಾತಾಡ್ಕೊಳ್ಳಿ. ಗಂಗರತ್ನಮ್ಮ, ಎರಡ್ ತಪ್ಪಾಯ್ತು. ಇನ್ನೊಂದ್ ಸಲ ಕೈ ಕೆಳಗ್ ಬಂದ್ರೆ ಫೇಲು. ಅವ್ರು ಹಳದಿ, ನೀವ್ ಬಿಳಿ. ಅಷ್ಟೇ.”

ಅವರು ಹಳದಿ, ನೀವು ಬಿಳಿ! ಗಂಗರತ್ನಮ್ಮನ ಕಣ್ಣ ಮುಂದೆ ಟೈಲ್ಸ್ ಅಂಗಡಿಯವನು ಸಾಲಂಕೃತನಾಗಿ ಬಂದು ನಿಂತ. ಮೂರನೆಯ ಒದೆ ಬಿತ್ತು. ಬಲಗೈ ಹೊರಟಿತು. ಇಡೀ ಮೈಯ ಬಲ ಹಾಕಿ ಅವರು ಅದನ್ನು ಗಲ್ಲದ ಹತ್ತಿರ ತಡೆದರು. ಹಟದ ಮಗುವಿನಂತೆ ಕೈ ಕೊಸರಾಡಿತು, ಕೊನೆಗೆ ಅಲ್ಲೇ ನಿಂತಿತು.

“ಶಭಾಷ್!” ವಾಜಿದ್ ಮಾಸ್ಟರ್ ಚಪ್ಪಾಳೆ ಹೊಡೆದರು. “ಹಿಂಗಿರ್ಬೇಕು ನೋಡಿ!”

ಮುನಿಕೃಷ್ಣಮ್ಮ ಕಾಯುತ್ತ ನಿಂತಿದ್ದರು. ‘ಇರ್ಲಿ’ ಅನ್ನಲು ತೆರೆದ ಬಾಯಿ ತೆರೆದೇ ಇತ್ತು. ಆ ಕೈ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ಮುಚ್ಚಿ, ಬೆನ್ನ ಹಿಂದೆ ಕೈ ಹಾಕಿ ಪ್ಯಾಡಿನ ಗಂಟು ಬಿಚ್ಚತೊಡಗಿದರು.

“ನೋಡಿದ್ರಾ ಮಾಸ್ಟ್ರೇ?”

“ನೋಡ್ದೆ ಅಮ್ಮಾ, ಪರ್ಫೆಕ್ಟ್ ಕಿಕ್ಕು!”

“ಎರಡ್ ಸಲ ಕಾಲು ತಾಕ್ತು. ನಾನೇನಾರ ಅಂದ್ನಾ? ಈ ಸಲ ಒದ್ಲು. ವಯಸ್ಸಲ್ಲಿ ದೊಡ್ಡೋಳ್ನ, ಇಷ್ಟ್ ಜನದ್ ಮುಂದೆ, ಒದ್ಲು.” ಪ್ಯಾಡನ್ನು ಕುರ್ಚಿಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡರು. “ನನ್ ಬೆಲ್ಟೂ ಅವ್ಳಿಗೇ ಕಟ್ಬಿಡಿ.”

“ಅಕ್ಕಾ—” ಗಂಗರತ್ನಮ್ಮನ ಬಾಯಿಂದ ನೇರವಾಗಿಯೇ ಹೊರಟಿತು, ಯಾರ ಮೂಲಕವೂ ಅಲ್ಲ. ಅಷ್ಟರಲ್ಲಿ ಮುನಿಕೃಷ್ಣಮ್ಮ ಮೆಟ್ಟಿಲಿಳಿದಾಗಿತ್ತು.

ಗಂಗರತ್ನಮ್ಮ ಪಾಸಾದರು. ಮುನಿಕೃಷ್ಣಮ್ಮ ಯಲಹಂಕದ ಯೋಗ ಕ್ಲಾಸಿಗೆ ಸೇರಿದರು.