ಹೆಸರು ಹೇಳದ ಸೊಪ್ಪು

ಆದಿವಾಸಿಗಳ ಆರೋಗ್ಯ ಸಮ್ಮೇಳನದ ವೇದಿಕೆಯಲ್ಲಿ ಜಡೆಮಾದಮ್ಮ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದಳು. ಕಾಮಾಲೆಗೆ ಸೊಪ್ಪು ಕೊಡುವುದರಲ್ಲಿ ಅವಳನ್ನು ಬಿಟ್ಟರೆ ಆ ಕಾಡಿನಲ್ಲಿ ಇನ್ನೊಬ್ಬರಿಲ್ಲ. ಸೊಪ್ಪಿನ ಹೆಸರನ್ನು ಮಾತ್ರ ಯಾರಿಗೂ ಹೇಳಿದವಳಲ್ಲ. ಹೇಳಿದರೆ ಕೈಗುಣವೆಲ್ಲ ಕೇಳಿಸಿಕೊಂಡವರ ಪಾಲಾಗುತ್ತದೆ ಎಂಬುದು ಅವರ ಕಡೆಯ ನಂಬಿಕೆ. ಪಕ್ಕದಲ್ಲಿ ಕೂತಿದ್ದ ಕೇತೇಗೌಡ ಮೂಳೆ ಕಟ್ಟುವವನು. ಆ ಹೆಸರಿಗಾಗಿ ವರ್ಷಗಟ್ಟಲೆ ಅವಳ ಬೆನ್ನು ಬಿದ್ದು ಸೋತಿದ್ದ.

“ಮನೆಯವರಿಗೂ ಅದೇ ಸೊಪ್ಪು ಕೊಡ್ತೀರಾ?” ಎಂದು ಗೋಷ್ಠಿ ನಡೆಸುತ್ತಿದ್ದ ಡಾಕ್ಟರು ಮೈಕಿನಲ್ಲಿ ಅವಳನ್ನು ಕೇಳಿದರು.

“ನನ್ ಕೈಮದ್ದು ನನ್ ರಕ್ತಕ್ಕೆ ಹತ್ತಲ್ಲ, ಸಾ.”

ಸಭೆ ನಕ್ಕಿತು. ಕೇತೇಗೌಡನೂ ನಕ್ಕ.

ಟೀಗೆ ಬಿಟ್ಟಿದ್ದೇ ತಡ, ಅವಳು ಅವನನ್ನು ಕಟ್ಟಡದ ಹಿಂದಕ್ಕೆ ಎಳೆದೊಯ್ದು, ಕಿವಿಗೆ ಬಾಯಿಟ್ಟು ಸೊಪ್ಪಿನ ಹೆಸರು ಹೇಳಿಯೇ ಬಿಟ್ಟಳು.

ಕೇತೇಗೌಡ ಗಕ್ಕನೆ ಹಿಂದೆ ಸರಿದ. “ಏನವ್ವ ಮಾಡ್ಬುಟ್ಟೆ? ಇನ್ಮೇಲೆ ನಿನ್ ಹುಡುಕ್ಕೊಂಡು ಬಂದೋರ ಗತಿ?”

“ನಿನ್ ತಾವ್ಕೆ ಕಳುಸ್ತೀನಿ.” ಅವಳು ಆಗಲೇ ಅವನ ರಟ್ಟೆ ಹಿಡಿದು ಬಸ್ಸಿನ ಕಡೆ ನಡೆಸುತ್ತಿದ್ದಳು. “ಬಿರ್ರನೆ ಬಾ ಕಣಪ್ಪ. ನನ್ ಮೊಮ್ಮಗಳ ಕಣ್ಣು ಹಳದಿ ಆಗ್ಬುಟ್ಟದೆ.”